ನಲವತ್ತರಲ್ಲಿ ಸ್ಕೀಯಿಂಗ್: ಮನೆ ಹತ್ತಿರ, ಕಡಿಮೆ ಖರ್ಚಿನಲ್ಲಿ ಕಲಿಯುವುದು ಹೇಗೆ?

ನವೆಂಬರ್ ಬಂತೆಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಜನರಿಂದ ಬರುತ್ತದೆ. "ಮಕ್ಕಳು ಸ್ಕೂಲ್ ಕ್ಲಬ್ ಜೊತೆ ಹೋಗಿ ಸ್ಕೀಯಿಂಗ್ ಕಲಿತುಬಿಟ್ಟರು. ನಾವು ಮಾತ್ರ ಗುಡ್ಡದ ಬುಡದ ಲಾಡ್ಜ್‌ನಲ್ಲಿ ಕೂತು ಅವರ ಜಾಕೆಟ್ ಕಾಯುತ್ತೇವೆ. ಈ ವಯಸ್ಸಲ್ಲಿ ಕಲಿಯೋಕಾಗುತ್ತಾ? ಎಲ್ಲಿಗೆ ಹೋಗಬೇಕು? ತುಂಬಾ ದುಡ್ಡಾಗುತ್ತಲ್ವಾ?"

ಖಂಡಿತ ಕಲಿಯಬಹುದು. ಅದೂ ಮನೆಯಿಂದ ಒಂದು ಗಂಟೆ ದೂರದಲ್ಲೇ. ಹೆಚ್ಚಿನವರಿಗೆ ದುಡ್ಡು ಜಾಸ್ತಿ ಆಗುವುದು ಶುರು ಮಾಡುವ ಜಾಗ ಮತ್ತು ದಿನ ತಪ್ಪಿದಾಗ. ದೊಡ್ಡ ಬೆಟ್ಟ, ಹಬ್ಬದ ರಜೆ, ಕಲಿಸೋಕೆ ಒಬ್ಬ ಗೆಳೆಯ: ಈ ಮೂರೂ ಸೇರಿದರೆ ಖರ್ಚೂ ಆಗುತ್ತದೆ, ಭಯವೂ ಉಳಿಯುತ್ತದೆ. ಸಣ್ಣ ಗುಡ್ಡ, ವಾರದ ಮಧ್ಯದ ದಿನ, ಮೂರು ಪಾಠ. ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಇದು ಮುಖ್ಯವಾಗಿ ಅಮೆರಿಕದ ಚಳಿ ಊರುಗಳಲ್ಲಿ, ಅದರಲ್ಲೂ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಬಾಸ್ಟನ್ ಸುತ್ತ ಇರುವ ಕನ್ನಡಿಗರಿಗೆ. ಬೆಂಗಳೂರಿನಿಂದ ಕೇಳುವವರೂ ಇದ್ದಾರೆ. ಅವರಿಗೆ ಮನೆ ಹತ್ತಿರದ ದಾರಿ ಇಲ್ಲ. ಆದರೆ ಗುಲ್ಮಾರ್ಗ್, ಮನಾಲಿ, ಔಲಿಯಲ್ಲಿ ಸರ್ಕಾರಿ ಸಂಸ್ಥೆಗಳೇ ಚಳಿಗಾಲದಲ್ಲಿ ಅಲ್ಲೇ ಉಳಿದು ಕಲಿಯುವ ಕೋರ್ಸ್ ನಡೆಸುತ್ತವೆ. ಖಾಸಗಿಯವರಿಗಿಂತ ಅವು ಅಗ್ಗ. ವಯಸ್ಸಿನ ಮಿತಿ ಏನಿದೆ ಅಂತ ಮೊದಲೇ ಕೇಳಿ, ಆಮೇಲೆ ಟಿಕೆಟ್ ಬುಕ್ ಮಾಡಿ.

1. ಮೊದಲು ಸಣ್ಣ ಗುಡ್ಡ ಹುಡುಕಿ

ಸ್ಕೀಯಿಂಗ್ ಎಂದ ತಕ್ಷಣ ಕೊಲರಾಡೊ, ವರ್ಮಾಂಟ್ ನೆನಪಾಗುತ್ತವೆ. ಮೊದಲ ದಿನಕ್ಕೆ ಅವು ಬೇಡವೇ ಬೇಡ. ಕೊಲರಾಡೊದ ವೇಲ್‌ನಲ್ಲಿ ರಶ್ ಇರುವ ದಿನ ಕೌಂಟರಿನಲ್ಲಿ ಕೊಳ್ಳುವ ಒಂದು ದಿನದ ಲಿಫ್ಟ್ ಟಿಕೆಟ್ 300 ಡಾಲರ್ ದಾಟಿದೆ. ಲಿಫ್ಟ್ ಟಿಕೆಟ್ ಅಂದರೆ ಗುಡ್ಡದ ಮೇಲೆ ಕರೆದೊಯ್ಯುವ ತೂಗುಕುರ್ಚಿ ಹತ್ತಲು ಕೊಡುವ ಹಣ. ಮೊದಲ ದಿನ ನೀವು ಇರುವುದು ಬುಡದ ನೂರಿನ್ನೂರು ಅಡಿ ಇಳಿಜಾರಿನಲ್ಲಿ. ಹತ್ತದ ಬೆಟ್ಟಕ್ಕೆ ಯಾಕೆ ದುಡ್ಡು ಕೊಡಬೇಕು?

ನ್ಯೂಜೆರ್ಸಿಯವರಿಗೆ ಮಾವಾ ಊರಿನ ಕ್ಯಾಂಪ್‌ಗಾ ಇದೆ. ಸ್ವಲ್ಪ ದೊಡ್ಡದು ಬೇಕಿದ್ದರೆ ವರ್ನನ್‌ನ ಮೌಂಟನ್ ಕ್ರೀಕ್. ಫಿಲಡೆಲ್ಫಿಯಾ ಕಡೆಯವರಿಗೆ ಸ್ಪ್ರಿಂಗ್ ಮೌಂಟನ್, ಬೇರ್ ಕ್ರೀಕ್. ಬಾಸ್ಟನ್ನಿನವರಿಗೆ ಕ್ಯಾಂಟನ್‌ನ ಬ್ಲೂ ಹಿಲ್ಸ್, ವೆಸ್ಟ್‌ಫರ್ಡ್‌ನ ನಶೋಬಾ ವ್ಯಾಲಿ, ಇನ್ನೂ ಸ್ವಲ್ಪ ಮುಂದೆ ಹೋದರೆ ವಾಚೂಸೆಟ್. ಡೆಟ್ರಾಯಿಟ್ ಸುತ್ತ ಪೈನ್ ನಾಬ್, ಮೌಂಟ್ ಹಾಲಿ, ಮೌಂಟ್ ಬ್ರೈಟನ್. ಮಿನಿಯಾಪೊಲಿಸ್ ಪಕ್ಕದಲ್ಲಿ ಹೈಲ್ಯಾಂಡ್ ಹಿಲ್ಸ್, ಬಕ್ ಹಿಲ್. ಸಿಯಾಟಲ್‌ನವರಿಗೆ ಸ್ನೋಕ್ವಾಲ್ಮಿ ಹೆಚ್ಚುಕಡಿಮೆ ಒಂದು ಗಂಟೆ ದಾರಿ.

"ಅಷ್ಟು ಸಣ್ಣ ಗುಡ್ಡದಲ್ಲಿ ಏನು ಕಲಿಯೋದು?" ಅಂತ ಮೂಗು ಮುರಿಯಬೇಡಿ. ಬಕ್ ಹಿಲ್ ಬುಡದಿಂದ ತುದಿಗೆ ಸುಮಾರು 300 ಅಡಿ. ನಮ್ಮ ಚಾಮುಂಡಿ ಬೆಟ್ಟದ ಮೂರನೇ ಒಂದು ಪಾಲು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದ ಲಿಂಡ್ಸೆ ವಾನ್ ಚಿಕ್ಕಂದಿನಲ್ಲಿ ಸ್ಕೀ ಕಲಿತದ್ದು ಅಲ್ಲೇ.

ಹಿಮಕ್ಕೆ ಕಾಯಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿಯಿದೆ. ನ್ಯೂಜೆರ್ಸಿಯ ಈಸ್ಟ್ ರದರ್‌ಫರ್ಡ್‌ನ ಅಮೆರಿಕನ್ ಡ್ರೀಮ್ ಮಾಲ್ ಒಳಗೆ 2019ರ ಡಿಸೆಂಬರ್‌ನಲ್ಲಿ ಬಿಗ್ ಸ್ನೋ ತೆರೆಯಿತು. ಚಾವಣಿಯ ಕೆಳಗೆ ನಿಜವಾದ ಹಿಮ, ವರ್ಷವಿಡೀ ಸುಮಾರು 28 ಡಿಗ್ರಿ ಫ್ಯಾರನ್‌ಹೀಟ್. ಬಟ್ಟೆ, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಇದು ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ಆಗಸ್ಟ್‌ನಲ್ಲೇ ನೋಡಿಕೊಳ್ಳಬಹುದು.

2. ಪ್ಯಾಕೇಜ್ ಕೇಳಿ, ಬಿಡಿಬಿಡಿಯಾಗಿ ಕೊಳ್ಳಬೇಡಿ

ಹೆಚ್ಚುಕಡಿಮೆ ಪ್ರತಿ ಗುಡ್ಡದಲ್ಲೂ ಹೊಸಬರಿಗೆ ಒಂದು ಪ್ಯಾಕೇಜ್ ಇರುತ್ತದೆ. ಹೆಸರು ಬೇರೆ ಬೇರೆ. 'ಲರ್ನ್ ಟು ಸ್ಕೀ', 'ಫಸ್ಟ್ ಟೈಮರ್', 'ಡಿಸ್ಕವರ್' ಅಂತೆಲ್ಲ ಬರೆದಿರುತ್ತಾರೆ. ಅದರಲ್ಲಿ ಮೂರು ಇರಬೇಕು: ಗುಂಪು ಪಾಠ, ಬೂಟು ಮತ್ತು ಸ್ಕೀ (ಕಾಲಿಗೆ ಕಟ್ಟುವ ಉದ್ದ ಹಲಗೆ) ಬಾಡಿಗೆ, ಹೊಸಬರ ಜಾಗಕ್ಕೆ ಮಾತ್ರ ಸಲ್ಲುವ ಲಿಫ್ಟ್ ಟಿಕೆಟ್. ಸಣ್ಣ ಗುಡ್ಡಗಳಲ್ಲಿ ಇದು ಸಾಮಾನ್ಯವಾಗಿ 100 ಡಾಲರ್ ಆಚೀಚೆ. ವಾರಾಂತ್ಯಕ್ಕೆ ಜಾಸ್ತಿ, ವಾರದ ಮಧ್ಯೆ ಕಡಿಮೆ. ಇದೇ ಮೂರನ್ನು ಕೌಂಟರಿನಲ್ಲಿ ಬೇರೆ ಬೇರೆಯಾಗಿ ಕೊಂಡರೆ ದುಡ್ಡು ಸುಮ್ನೆ ಪೋಲು.

ದುಡ್ಡು ಕಟ್ಟುವ ಮುಂಚೆ ಒಂದು ಫೋನ್ ಮಾಡಿ. ಇಷ್ಟು ಕೇಳಿ:

ದೊಡ್ಡವರಿಗೆ ಬೇರೆ ಗುಂಪು ಇದೆಯಾ, ಇಲ್ಲ ಮಕ್ಕಳ ಜೊತೆಗೇ ಸೇರಿಸುತ್ತೀರಾ? ಒಂದು ಗುಂಪಿನಲ್ಲಿ ಎಷ್ಟು ಜನ? ಪಾಠ ಒಂದು ಗಂಟೆಯಾ, ಎರಡು ಗಂಟೆಯಾ? ಪಾಠ ಮುಗಿದ ಮೇಲೂ ಟಿಕೆಟ್ ನಡೆಯುತ್ತಾ? ಹೆಲ್ಮೆಟ್ ಸೇರಿದೆಯಾ? ಮಳೆ ಬಂದರೆ ದಿನ ಬದಲಾಯಿಸಬಹುದಾ?

ಕೊನೆಯ ಎರಡನ್ನು ಜನ ಕೇಳುವುದೇ ಇಲ್ಲ. ಹೆಲ್ಮೆಟ್ ಬಾಡಿಗೆ ಬಹಳ ಕಡೆ ಬೇರೆ. ಇನ್ನು ಮಳೆಯ ವಿಷಯ. ಈಶಾನ್ಯ ಅಮೆರಿಕದಲ್ಲಿ ಜನವರಿಯಲ್ಲೂ ಮಳೆ ಬರುತ್ತದೆ. ಮಳೆಯ ಮಾರನೇ ದಿನ ಚಳಿ ಬಿದ್ದರೆ ಗುಡ್ಡವೆಲ್ಲ ಗಾಜಿನಂತೆ ಗಟ್ಟಿಯಾಗುತ್ತದೆ. ಹೊಸಬರಿಗೆ ಅಂಥ ದಿನ ಒಳ್ಳೆಯದಲ್ಲ. ದಿನ ಬದಲಾಯಿಸಲು ಬಿಡುವ ಕಡೆ ಐದು-ಹತ್ತು ಡಾಲರ್ ಜಾಸ್ತಿಯಾದರೂ ಅಲ್ಲೇ ಬುಕ್ ಮಾಡಿ.

ಈಗ ಮುಖ್ಯ ಮಾತು. ಒಂದು ಪಾಠದ ಪ್ಯಾಕೇಜ್ ಬೇಡ, ಮೂರು ಪಾಠದ್ದು ತಗೊಳ್ಳಿ. ಮೊದಲ ದಿನ ನೀವು ಬೂಟಿನ ಜೊತೆ ಹೋರಾಡುತ್ತೀರಿ. ಎರಡನೇ ದಿನ ನಿಲ್ಲುವುದು ಬರುತ್ತದೆ. ಮೂರನೇ ದಿನ ತಿರುಗುವುದು ಬರುತ್ತದೆ, ಅಲ್ಲಿಂದ ಮಜಾ ಶುರು. ಒಂದೇ ಪಾಠ ಮಾಡಿ "ನಮಗಿದು ಆಗಿಬರಲ್ಲ" ಅಂತ ಬಿಟ್ಟವರನ್ನು ತುಂಬಾ ನೋಡಿದ್ದೇನೆ. ಅವರು ಬಿಟ್ಟದ್ದು ಕಷ್ಟದ ಭಾಗ ಮುಗಿಯುವ ಹೊತ್ತಿಗೇ. ಮೂರರ ಪ್ಯಾಕೇಜ್‌ನಲ್ಲಿ ಪ್ರತಿ ಪಾಠದ ಬೆಲೆಯೂ ಇಳಿಯುತ್ತದೆ. ಕೆಲವು ಗುಡ್ಡಗಳಲ್ಲಿ ಮೂರೂ ಮುಗಿಸಿದವರಿಗೆ ಆ ಸೀಸನ್ ಮುಗಿಯುವವರೆಗೂ ಪಾಸ್ ಕೊಡುತ್ತಾರೆ. ಅದನ್ನೂ ಕೇಳಿ ನೋಡಿ.

ಖಾಸಗಿ ಪಾಠ ಬೇಕಾ? ಮೊದಲ ದಿನಕ್ಕೆ ಬೇಡ. ಗುಂಪಿನಲ್ಲಿ ಬೇರೆಯವರೂ ಬೀಳುವುದನ್ನು ನೋಡಿದರೆ ಧೈರ್ಯ ಬರುತ್ತದೆ. ವಾರದ ಮಧ್ಯೆ ಹೋದರೆ ಗುಂಪಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಆಗ ಗುಂಪು ಪಾಠದ ದುಡ್ಡಿಗೆ ಹೆಚ್ಚುಕಡಿಮೆ ಖಾಸಗಿ ಪಾಠವೇ ಸಿಕ್ಕಂತೆ. ಎಪಿಕ್, ಐಕಾನ್ ಅನ್ನುವ ದೊಡ್ಡ ಸೀಸನ್ ಪಾಸ್‌ಗಳ ಸುದ್ದಿಗೂ ಈ ವರ್ಷ ಹೋಗಬೇಡಿ.

3. ದಿನ ಆರಿಸಿ

ಅಮೆರಿಕದಲ್ಲಿ ಜನವರಿಯನ್ನು ಸ್ಕೀ ಕಲಿಯುವ ತಿಂಗಳು ಅಂತಲೇ ನಡೆಸುತ್ತಾರೆ. ಹೊಸಬರಿಗೆ ರಿಯಾಯಿತಿ ಹೆಚ್ಚಾಗಿ ಸಿಗುವುದು ಆಗಲೇ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಮಾರ್ಟಿನ್ ಲೂಥರ್ ಕಿಂಗ್ ದಿನದ ವಾರಾಂತ್ಯ, ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರ: ಈ ಮೂರನ್ನು ಬಿಟ್ಟುಬಿಡಿ. ಟಿಕೆಟ್ ದುಬಾರಿ, ಗುಂಪು ದೊಡ್ಡದು, ಬೂಟು ಬಾಡಿಗೆಗೇ ಉದ್ದ ಕ್ಯೂ.

ನನಗೆ ತುಂಬಾ ಇಷ್ಟ ಜನವರಿಯ ಮಂಗಳವಾರ ಅಥವಾ ಗುರುವಾರದ ಸಂಜೆ. ಸಣ್ಣ ಗುಡ್ಡಗಳಲ್ಲಿ ದೀಪ ಹಾಕಿ ರಾತ್ರಿಯೂ ನಡೆಸುತ್ತಾರೆ. ಆಫೀಸ್ ಮುಗಿಸಿ ನೇರ ಹೋಗಬಹುದು. ಒಂದೇ ಎಚ್ಚರಿಕೆ: ಹಗಲು ಕರಗಿದ ಹಿಮ ಕತ್ತಲಾದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಹಗಲೂ ಶೂನ್ಯ ಡಿಗ್ರಿ ಸೆಲ್ಸಿಯಸ್ (32 ಫ್ಯಾರನ್‌ಹೀಟ್) ಕೆಳಗೇ ಇರುವ ದಿನ ನೋಡಿ. ಮೂರೂ ಪಾಠ ಮೂರು-ನಾಲ್ಕು ವಾರದೊಳಗೆ ಮುಗಿಯಬೇಕು. ತಿಂಗಳಿಗೊಂದು ಮಾಡಿದರೆ ಪ್ರತಿ ಸಲ ಮೊದಲಿನಿಂದಲೇ ಶುರು ಮಾಡಿದ ಹಾಗೆ ಆಗುತ್ತದೆ.

4. ಕಾಲು ತಯಾರು ಮಾಡಿ

ಒಂದು ತಿಂಗಳು ಮುಂಚಿನಿಂದ ದಿನಾ ಬಸ್ಕಿ ಹೊಡೆಯಿರಿ. ಮೊದಲು ಹತ್ತು, ಆಮೇಲೆ ಇಪ್ಪತ್ತು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ಅರ್ಧ ನಿಮಿಷ ನಿಲ್ಲಿ. ಮೊಣಕಾಲು ನೋವಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ. ಹೊರಜೇಬಿನಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

5. ಬಟ್ಟೆ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೇಳಿ ತರಬೇಕು

ಹತ್ತಿ ಬಟ್ಟೆ ಬೇಡ. ನಾವು ಹುಟ್ಟಿದಾಗಿನಿಂದ ಹತ್ತಿ ಒಳ್ಳೆಯದು ಅಂತ ಕೇಳಿಕೊಂಡು ಬೆಳೆದವರು. ಇಲ್ಲಿ ಮಾತ್ರ ಅದು ತಿರುಗುಮುರುಗು. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಚಳಿ ಮೈಗೆ ಹತ್ತುತ್ತದೆ. ಜೀನ್ಸ್ ಅಂತೂ ಹಾಕಲೇಬೇಡಿ. ಒಳಗೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಥರ್ಮಲ್, ಮೇಲೆ ಫ್ಲೀಸ್ ಅಥವಾ ಉಲ್ಲನ್ ಸ್ವೆಟರ್, ಅದರ ಮೇಲೆ ನೀರು ಒಳಗೆ ಬಿಡದ ಜಾಕೆಟ್ ಮತ್ತು ಪ್ಯಾಂಟ್.

ಕೊಳ್ಳಬೇಕಾದದ್ದು ಎರಡೇ: ಒಳ್ಳೆಯ ವಾಟರ್‌ಪ್ರೂಫ್ ಗ್ಲೌಸ್ ಮತ್ತು ಮೊಣಕಾಲಿನವರೆಗೆ ಬರುವ ಒಂದು ಜೊತೆ ತೆಳು ಉಣ್ಣೆ ಸಾಕ್ಸ್. ಸ್ನೋ ಪ್ಯಾಂಟ್, ಜಾಕೆಟ್, ಗಾಗಲ್ಸ್ ಬೇಕು ಅಂತ ನಿಮ್ಮ ಊರಿನ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ. ಒಂದೇ ಸಲ ಹಾಕಿ ಕ್ಲಾಸೆಟ್ಟಿನಲ್ಲಿ ಇಟ್ಟ ಪ್ಯಾಂಟು ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ.

ಸಾಕ್ಸ್ ಒಂದೇ ಜೊತೆ. ಇದನ್ನು ಎಷ್ಟು ಹೇಳಿದರೂ ಜನ ಚಳಿಗೆ ಹೆದರಿ ಎರಡು ಹಾಕಿಕೊಂಡು ಬರುತ್ತಾರೆ. ಎರಡು ಸಾಕ್ಸ್ ಒಂದರ ಮೇಲೊಂದು ಸರಿದು ಮಡಿಕೆ ಬಿದ್ದು ಬೊಬ್ಬೆ ಏಳುತ್ತದೆ. ಬೂಟು ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ದಪ್ಪ ಮಂಕಿ ಕ್ಯಾಪೂ ಬೇಡ, ಅದರ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಮೋಡವಿದ್ದರೂ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣದಲ್ಲಿ 80 ಪರ್ಸೆಂಟ್‌ವರೆಗೂ ವಾಪಸ್ ಮುಖಕ್ಕೇ ಎಸೆಯುತ್ತದೆ.

6. ಬಾಡಿಗೆ ಕೌಂಟರಿನಲ್ಲಿ ನಿಜ ಹೇಳಿ

ಪಾಠದ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ತಲುಪಿ. ಇಲ್ಲಿ ಅವಸರ ಮಾಡಿದರೆ ಇಡೀ ದಿನ ಹಾಳು.

ಒಂದು ಫಾರಂ ಕೊಡುತ್ತಾರೆ. ಎತ್ತರ, ತೂಕ, ವಯಸ್ಸು, ಎಷ್ಟು ಬರುತ್ತದೆ ಅಂತ ಕೇಳುತ್ತಾರೆ. ಅದು ಸುಮ್ನೆ ಕೇಳುವುದಲ್ಲ. ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಕೊಕ್ಕೆಗೆ ಬೈಂಡಿಂಗ್ ಅನ್ನುತ್ತಾರೆ. ನೀವು ಬಿದ್ದಾಗ ಅದು ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಉದ್ದನೆಯ ಹಲಗೆ ನಿಮ್ಮ ಮೊಣಕಾಲನ್ನು ತಿರುಚುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಅಂಕಿಗೆ ಡಿನ್ ಅಂತ ಹೆಸರು. ಅದನ್ನು ನಿಮ್ಮ ಫಾರಂ ನೋಡಿ, ಬೂಟಿನ ಅಳತೆ ಸೇರಿಸಿ ಲೆಕ್ಕ ಹಾಕುತ್ತಾರೆ. ಸಂಕೋಚಪಟ್ಟು ತೂಕ ಕಡಿಮೆ ಬರೆದರೆ ಹಲಗೆ ಬೇಡದ ಹೊತ್ತಲ್ಲಿ ಕಳಚಿಕೊಳ್ಳುತ್ತದೆ. "ಸ್ವಲ್ಪ ಬರುತ್ತೆ" ಅಂತ ಜಂಬಕ್ಕೆ ಬರೆದರೆ ಬೇಕಾದಾಗ ಕಳಚುವುದಿಲ್ಲ. ಐವತ್ತಾದವರಿಗೆ ಲೆಕ್ಕವೇ ಬೇರೆ, ಹಾಗಾಗಿ ವಯಸ್ಸನ್ನೂ ಮುಚ್ಚಿಡಬೇಡಿ. ಹೊಸಬರು ಯಾವಾಗಲೂ ಒಂದನೇ ವರ್ಗ, ಅಂದರೆ ನಿಧಾನವಾಗಿ ಹೋಗುವವರು.

ಬೂಟು. ಇದರ ಬಗ್ಗೆ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಮೊದಲ ದಿನ ಹಾಳಾಗುವುದು ಹೆಚ್ಚಾಗಿ ಬೂಟಿನಿಂದಲೇ. ಇದು ಗಟ್ಟಿ ಪ್ಲಾಸ್ಟಿಕ್ಕಿನದು. ಅಳತೆ ಸೆಂಟಿಮೀಟರ್ ಲೆಕ್ಕದಲ್ಲಿ, 25.5, 26.5 ಹೀಗೆ. ಒಳಗೆ ಸಾಕ್ಸ್ ಬಿಟ್ಟು ಏನೂ ಹೋಗಬಾರದು, ಥರ್ಮಲ್ಲಿನ ಅಂಚೂ ಹೋಗಬಾರದು. ಕಾಲು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಆಮೇಲೆ ಬಕಲ್ ಹಾಕಿ, ಎದ್ದು ನಿಲ್ಲಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಿದ ಹಾಗೆ ಅನ್ನಿಸುತ್ತದೆ. ಈಗ ಮೊಣಕಾಲು ಮುಂದಕ್ಕೆ ಬಗ್ಗಿಸಿ, ಮುಂಗಾಲು (ಮೊಣಕಾಲಿನ ಕೆಳಗಿನ ಮುಂಭಾಗ) ಬೂಟಿನ ನಾಲಗೆಗೆ ಒತ್ತುವ ಹಾಗೆ. ಬೆರಳು ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಬಿಗಿಯಾಗಿ ಕೈಕುಲುಕಿದ ಹಾಗೆ ಇರಬೇಕು, ನೋಯಬಾರದು. ಹಿಮ್ಮಡಿ ಎದ್ದರೆ ಒಂದು ಅಳತೆ ಚಿಕ್ಕದು ಕೇಳಿ. ಮೂಳೆಗೆ ಒತ್ತಿದರೆ ಬೇರೆ ಜೊತೆ ಕೇಳಿ. ಕ್ಯೂ ಉದ್ದ ಇದೆ ಅಂತ ಸಂಕೋಚ ಬೇಡ.

ಹಲಗೆ ಗಲ್ಲದ ಎತ್ತರಕ್ಕೆ ಬಂದರೆ ಸಾಕು. ಉದ್ದ ಕೊಟ್ಟರೆ ತಿರುಗಿಸಲು ಕಷ್ಟ.

7. ಪಾಠ ಹೇಗೆ ನಡೆಯುತ್ತದೆ

ಮೊದಲು ಸಮತಟ್ಟಿನಲ್ಲಿ ಒಂದೇ ಹಲಗೆ ಕಟ್ಟಿ ನಡೆಸುತ್ತಾರೆ, ಆಮೇಲೆ ಎರಡು. ಪಕ್ಕಕ್ಕೆ ಹೆಜ್ಜೆ ಇಟ್ಟು ಹತ್ತುವುದು, ನೇರ ಜಾರುವುದು, ಬಿದ್ದು ಏಳುವುದು. ನಂತರ 'ಪೀಟ್ಜಾ': ಹಲಗೆಗಳ ಮೂತಿ ಹತ್ತಿರ ತಂದು, ಹಿಂದಿನ ತುದಿ ಅಗಲ ಮಾಡಿದರೆ ಪೀಟ್ಜಾ ತುಂಡಿನ ಆಕಾರ ಬರುತ್ತದೆ. ಅದೇ ನಿಮ್ಮ ಬ್ರೇಕ್. ಮೇಲೆ ಹೋಗಲು 'ಮ್ಯಾಜಿಕ್ ಕಾರ್ಪೆಟ್' ಇರುತ್ತದೆ, ಏರ್‌ಪೋರ್ಟಿನಲ್ಲಿ ಬ್ಯಾಗ್ ಬರುವ ಬೆಲ್ಟಿನ ಥರದ್ದು. ಅದರ ಮೇಲೆ ಸುಮ್ಮನೆ ನಿಂತರಾಯಿತು.

'ಫಾಲ್ ಲೈನ್' ಅನ್ನುವ ಮಾತು ಪದೇ ಪದೇ ಕೇಳುತ್ತೀರಿ. ನೀವು ನಿಂತಲ್ಲಿ ಒಂದು ಚೊಂಬು ನೀರು ಸುರಿದರೆ ಅದು ಯಾವ ಕಡೆ ಹರಿಯುತ್ತದೋ ಅದೇ ಫಾಲ್ ಲೈನ್. ಬಿದ್ದು ಏಳುವಾಗ ಹಲಗೆಗಳು ಆ ದಾರಿಗೆ ಅಡ್ಡ ಇರಬೇಕು, ನಿಮಗಿಂತ ಕೆಳಗೆ ಇರಬೇಕು. ಇಲ್ಲದಿದ್ದರೆ ಏಳುವ ಮುಂಚೆಯೇ ಮತ್ತೆ ಜಾರುತ್ತೀರಿ.

ಭಯವಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ದೊಡ್ಡವರಾಗಿ ಕಲಿಯುವ ಎಲ್ಲರಿಗೂ ಇದು ಆಗುತ್ತದೆ. ಹಿಂದೆ ವಾಲಿದರೆ ಹಲಗೆ ಇನ್ನೂ ಜೋರಾಗಿ ಓಡುತ್ತದೆ. ಮುಂಗಾಲು ಬೂಟಿನ ನಾಲಗೆಗೆ ತಾಗಿಯೇ ಇರಬೇಕು ಅನ್ನುವುದೊಂದನ್ನು ನೆನಪಿಟ್ಟುಕೊಳ್ಳಿ. ಬೀಳುವುದು ಖಚಿತ ಅನ್ನಿಸಿದರೆ ಪಕ್ಕಕ್ಕೆ, ಸೊಂಟದ ಮೇಲೆ ಬೀಳಿ. ಜಾರುತ್ತಿರುವಾಗಲೇ ಏಳಲು ಹೋಗಬೇಡಿ, ಮೊಣಕಾಲಿಗೆ ಪೆಟ್ಟಾಗುವುದು ಆಗಲೇ. ಕೋಲು ಕೊಟ್ಟಿದ್ದರೆ ಬೀಳುವಾಗ ಬಿಟ್ಟುಬಿಡಿ. ಹಿಡಿದುಕೊಂಡೇ ಬಿದ್ದರೆ ಹೆಬ್ಬೆರಳು ಉಳುಕುತ್ತದೆ.

ಇನ್‌ಸ್ಟ್ರಕ್ಟರ್ ಹೇಳಿದ್ದು ಅರ್ಥವಾಗದಿದ್ದರೆ ಕೇಳಿ. ಮೂರು ಸಲ ಬೇಕಾದರೂ ಕೇಳಿ. ಗುಂಪು ಪಾಠಕ್ಕೆ ಟಿಪ್ ಕಡ್ಡಾಯವಲ್ಲ. ಚೆನ್ನಾಗಿ ಕಲಿಸಿದ್ದರೆ ಹತ್ತು-ಇಪ್ಪತ್ತು ಡಾಲರ್ ಕೊಡುವ ವಾಡಿಕೆ ಇದೆ.

8. ಗೆಳೆಯರು "ಮೇಲೆ ಬಾ" ಅಂದರೆ

ಹೋಗಬೇಡಿ. ಮೊದಲ ವರ್ಷ ನನ್ನನ್ನೂ ಪ್ರೀತಿಯಿಂದಲೇ ಒಬ್ಬರು ಲಿಫ್ಟ್ ಹತ್ತಿಸಿ ತುದಿಗೆ ಕರೆದುಕೊಂಡು ಹೋದರು. ಹಲಗೆ ಹೆಗಲ ಮೇಲೆ ಹೊತ್ತು, ಅಂಚಿನ ಮರಗಳ ಪಕ್ಕ ಒಂದು ಗಂಟೆ ನಡೆದು ಇಳಿದೆ. ಆಮೇಲೆ ಎರಡು ವರ್ಷ ಗುಡ್ಡದ ಕಡೆ ತಲೆ ಹಾಕಲಿಲ್ಲ. ಚೆನ್ನಾಗಿ ಸ್ಕೀ ಮಾಡುವುದು ಬೇರೆ, ಕಲಿಸುವುದು ಬೇರೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕಲಿಸುವುದೂ ಬೇಡ. ಇಬ್ಬರೂ ಪಾಠಕ್ಕೆ ಸೇರಿ.

ದಾರಿಗಳಿಗೆ ಬಣ್ಣದ ಗುರುತು ಇರುತ್ತದೆ. ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಆದರೆ ಈ ಗುರುತು ಆಯಾ ಗುಡ್ಡದ ಲೆಕ್ಕಕ್ಕೆ ಮಾತ್ರ. ಒಂದು ಕಡೆಯ ಹಸಿರು ಇನ್ನೊಂದು ಕಡೆಯ ನೀಲಿಯಷ್ಟು ಕಡಿದಾಗಿರಬಹುದು. ಹೊಸ ಗುಡ್ಡಕ್ಕೆ ಹೋದಾಗ ಮತ್ತೆ ಬುಡದಿಂದಲೇ ಶುರು ಮಾಡಿ. ಮತ್ತೊಂದು ನಿಯಮ: ಕೆಳಗೆ ಇರುವವರಿಗೆ ದಾರಿಯ ಹಕ್ಕು. ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ಹಾಗಂತ ದಾರಿ ಮಧ್ಯೆ, ಉಬ್ಬಿನ ಕೆಳಗೆ ಮರೆಯಲ್ಲಿ ನಿಲ್ಲಬೇಡಿ. ಅಂಚಿಗೆ ಬಂದು ನಿಲ್ಲಿ.

9. ಊಟ, ಮತ್ತೆ ಸಣ್ಣ ಖರ್ಚುಗಳು

ಲಾಡ್ಜ್ ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳಿಗೆ ಫ್ರೆಂಚ್ ಫ್ರೈಸ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಬೆಲೆಯೂ ಜಾಸ್ತಿ. ಸಣ್ಣ ಗುಡ್ಡಗಳಲ್ಲಿ ಮನೆ ಊಟ ತಂದು ತಿನ್ನಲು ಹೆಚ್ಚಾಗಿ ಬಿಡುತ್ತಾರೆ. ಚಪಾತಿ ಸುರುಳಿ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ನೀರು ಮರೆಯಬೇಡಿ, ಚಳಿಯಲ್ಲಿ ಬಾಯಾರಿಕೆ ಗೊತ್ತೇ ಆಗುವುದಿಲ್ಲ. ಲಾಕರ್ ದುಡ್ಡು ಉಳಿಸಲು, ಸ್ಕೀ ಬೂಟು ಹಾಕಿಕೊಂಡ ಮೇಲೆ ನಿಮ್ಮ ಶೂಗಳನ್ನು ಕಾರಿನಲ್ಲಿ ಇಟ್ಟು ಬರಬಹುದು.

10. ಮೂರು ಪಾಠ ಆದ ಮೇಲೆ

ಹಿಡಿಸಿತು ಅಂದರೆ ಮೊದಲು ಕೊಳ್ಳಬೇಕಾದದ್ದು ಬೂಟು, ಹಲಗೆ ಅಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಸ್ಕೂಲುಗಳಲ್ಲಿ, ಅಂಗಡಿಗಳಲ್ಲಿ 'ಸ್ಕೀ ಸ್ವಾಪ್' ನಡೆಯುತ್ತದೆ. ಹಳೆಯ ಸಾಮಾನು ಮಾರುವ ಸಂತೆ ಅದು. ಅಲ್ಲಿ ಎರಡು ಎಚ್ಚರಿಕೆ. ಹಳೆಯ ಹೆಲ್ಮೆಟ್ ಕೊಳ್ಳಬೇಡಿ, ಒಳಗೆ ಬಿರುಕಿದ್ದರೆ ಹೊರಗೆ ಕಾಣುವುದಿಲ್ಲ. ತೀರಾ ಹಳೆಯ ಬೈಂಡಿಂಗ್ ಇರುವ ಹಲಗೆಯೂ ಬೇಡ. ಕಂಪನಿ ತಾನು ಜವಾಬ್ದಾರಿ ಹೊರುವ ಪಟ್ಟಿಯಿಂದ ತೆಗೆದ ಬೈಂಡಿಂಗನ್ನು ಅಂಗಡಿಯವರು ಹೊಂದಿಸಿ ಕೊಡುವುದಿಲ್ಲ, ಕೊಟ್ಟ ದುಡ್ಡು ನೀರಿಗೆ. ಅದಕ್ಕಿಂತ ಇಡೀ ಸೀಸನ್‌ಗೆ ಬಾಡಿಗೆ ಕೊಡುವ ಅಂಗಡಿ ನೋಡಿ. ನಾಲ್ಕೈದು ಸಲ ಹೋಗುವವರಿಗೆ ದಿನದ ಬಾಡಿಗೆಗಿಂತ ಅದು ಅಗ್ಗ ಬೀಳುತ್ತದೆ.

ಮನೆಗೆ ಬಂದ ಕೂಡಲೇ ಗ್ಲೌಸ್ ಬಾಯಿ ಅಗಲಿಸಿ ಒಣಗಲು ಇಡಿ, ಹೀಟರ್ ಮೇಲೆ ಮಾತ್ರ ಬೇಡ. ಮುಂದಿನ ಗುರುವಾರದ ಪಾಠಕ್ಕೆ ಅವು ಬೇಕಾಗುತ್ತವೆ.